ಕಾಕುವಿನ ಹಿತ್ತಾಳೆ ಬಟ್ಟಲು

ಧಾರವಾಡದ ನಮ್ಮ ಪ್ರಯೋಗಶಾಲೆಯಲ್ಲಿ ನಿನ್ನೆ ತಿಳಿಯಾದೊಂದು ದ್ರವಕ್ಕೆ ಕಬ್ಬಿಣದ ದ್ರಾವಣದ ಹನಿ ಬಿಟ್ಟೆ. ನೋಡುತ್ತಿದ್ದಂತೆ ಅದು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಯನ್ನು ಬೆಳೆಸಿ, ಸೋಸಿ ತೆಗೆದ ದ್ರವ ಅದು. ಕಬ್ಬಿಣ ಸಾಲದೆ ಹೋದಾಗ ಆ ಜೀವಿ ಒಂದು ವಸ್ತುವನ್ನು ತಯಾರಿಸಿ ಹೊರಗೆ ಬಿಡುತ್ತದೆ. ಆ ವಸ್ತು ಕಬ್ಬಿಣವನ್ನು ಬಿಗಿಯಾಗಿ ಹಿಡಿದು ಮತ್ತೆ ಜೀವಿಯೊಳಗೆ ಸೇರುತ್ತದೆಂಬುದು ನಮ್ಮ ಪ್ರಾಧ್ಯಾಪಕರ ಊಹೆ; ಬಣ್ಣ ಬದಲಾದದ್ದು ಆ ಹಿಡಿತದ ಗುರುತು. ಬರಿದಾಗಿ ಹೋದದ್ದು ತುಂಬಿಕೊಂಡು ಬರುತ್ತದೆ... ಸವಣೂರಿನಲ್ಲಿ ಚಿಕ್ಕಮ್ಮನೆಂಬಂತೆ ನಾವು ಕಾಕು ಎಂದು ಕರೆಯುತ್ತಿದ್ದ ಪಕ್ಕದ ಮನೆಯವರ ಹಿತ್ತಾಳೆ ಬಟ್ಟಲು ಕಣ್ಣ ಮುಂದೆ ಬಂತು.

ನಾನಾಗ ಕನ್ನಡ ಶಾಲೆಯಲ್ಲಿದ್ದೆ. ಕಾಕುವಿನ ಮಗಳು ಚೊಚ್ಚಲ ಹೆರಿಗೆಗೆ ಹಿರೇಕೆರೂರಿನಿಂದ ತವರಿಗೆ ಬಂದಿದ್ದಳು. ತುಟಿ, ಉಗುರು ಬಿಳಿಚಿದ್ದವು. ಕೊಡ ಎತ್ತಿದರೆ ಏದುಸಿರು. ಮೈಯಲ್ಲಿ ರಕ್ತವಿಲ್ಲ, ಹೀಗೇ ಇದ್ದರೆ ಹೆರಿಗೆಯಲ್ಲಿ ಜೀವಕ್ಕೇ ಅಪಾಯ ಎಂದು ದವಾಖಾನೆಯ ಡಾಕ್ಟರು ಹೇಳಿದ್ದರು. ಗುಳಿಗೆ ಕೊಟ್ಟು, ಸೊಪ್ಪು, ಎಳ್ಳು, ಬೆಲ್ಲ ತಿನ್ನಿಸಿ ಎಂದಿದ್ದರು. ಗಂಡ ತೀರಿದ ಮೇಲೆ ಕಾಕುವಿನ ಮನೆಯಲ್ಲಿ ಜೋಳದ ಹಿಟ್ಟಿಗೇ ಪರದಾಟ. ಆದರೆ ಯಾರಲ್ಲೂ ಏನನ್ನೂ ಕೇಳುವವರಲ್ಲ ಅವರು.

ಮರುದಿನ ಬಟ್ಟಲು ಹಿಡಿದು ನಮ್ಮ ಮನೆಗೆ ಬಂದರು. ತಳದಲ್ಲಿ ಒಂದು ಚಮಚ ಅಗಸಿ ಚಟ್ನಿಪುಡಿ.

“ಹೊಸಾ ಹಿಂಡಿ ಕುಟ್ಟೇನಿ, ರುಚಿ ನೋಡ್ರಿ.”

ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ಮರಳಿಸುವ ರೂಢಿ ನಮ್ಮ ಓಣಿಯಲ್ಲಿರಲಿಲ್ಲ. ಅವ್ವ ಅದಕ್ಕೆ ಎಳ್ಳು, ಬೆಲ್ಲ ತುಂಬಿದಳು. ಆಮೇಲೆ ಬಟ್ಟಲು ಆಚೆ ಮನೆಗೆ ಹೋಯಿತು, ಅದರಾಚೆ ಮನೆಗೂ ಹೋಯಿತು... ಒಂದು ಕಡೆಯಿಂದ ರಾಜಗಿರಿ, ಇನ್ನೊಂದು ಕಡೆಯಿಂದ ನುಗ್ಗೆ ಸೊಪ್ಪು.

ಅಜ್ಜಿಗೆ ಎಲ್ಲ ಅರ್ಥವಾಗಿತ್ತು. “ನಿನ್ನ ಬಟ್ಟಲಾ ಭಾಳ ಶಾಣ್ಯಾ ಐತಿ ಬಿಡವಾ. ಚಮಚಾ ಹಿಂಡಿ ತಂದು ತುಂಬಿಸ್ಕೊಂಡು ಹೋಗ್ತೈತಿ,” ಎಂದು ಕೆಣಕಿದಳು.

ಕಾಕು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. “ಕೇಳಾಕ ನನಗ ನಾಚಿಕಿ ಬರ್ತೈತ್ರಿ ಅತ್ತಿ. ಬಟ್ಟಲಕ್ಕ ಎಲ್ಲೀ ನಾಚಿಕಿ?”

“ಹಂಗಾದ್ರ ನಾಳಿಂದ ದೊಡ್ಡದು ತಗೊಂಡು ಬಾ.”

ಹೆರಿಗೆಯ ಹೊತ್ತಿಗೆ ಆ ಅಕ್ಕನ ತುಟಿಗೆ ಬಣ್ಣ ಬಂದಿತ್ತು. ಹೆಣ್ಣು ಮಗು ಹುಟ್ಟಿತು; ಇಬ್ಬರೂ ಉಳಿದರು. ಗುಳಿಗೆಯೋ, ಸೊಪ್ಪೋ... ಯಾವುದರಿಂದ ಎಷ್ಟು ಗುಣವಾಯಿತೆಂದು ನಾನು ಹೇಳಲಾರೆ.

ಕಾಕು ಹೋದ ವರ್ಷ ತೀರಿಕೊಂಡರು. ನಿನ್ನೆಯ ಆ ನೇರಳೆ ಬಣ್ಣವನ್ನು ಅವರಿಗೊಮ್ಮೆ ತೋರಿಸಬೇಕಿತ್ತು. ಅಂದು ಹುಟ್ಟಿದವಳು ಈಗ ಹಂಸಭಾವಿಯಲ್ಲಿ ಶಾಲೆಗೆ ಹೋಗುತ್ತಾಳೆ. ಹೋದ ತಿಂಗಳು ತಾಯಿಯೊಂದಿಗೆ ಸವಣೂರಿಗೆ ಬಂದಿದ್ದವಳು, ಓಡುತ್ತ ಬಂದು ಹಿಂಡಿ ತುಂಬಿದ ಅದೇ ಬಟ್ಟಲನ್ನು ನನ್ನ ಕೈಗಿಟ್ಟಳು.

“ಅವ್ವ ಕೊಟ್ಟಾಳ್ರಿ. ಧಾರವಾಡಕ್ಕ ಒಯ್ಯಬೇಕಂತ.”

ಹಿಂಡಿ ಮುಗಿದಿದೆ. ಬಟ್ಟಲನ್ನು ತೊಳೆದು ಕಿಟಕಿಯಲ್ಲಿಟ್ಟಿದ್ದೇನೆ. ಶನಿವಾರ ಊರಿಗೆ ಹೊರಡುವ ಮುಂಚೆ ಪೇಟೆಯಲ್ಲಿ ಖರ್ಜೂರ ಕೊಳ್ಳಬೇಕು.