ಎಂಟೇ ಸಲ ಕೂಗಿದ ದಿನ

ತನ್ನ ತಪ್ಪನ್ನು ಮುಚ್ಚಿಡದೆ ಊರಿಗೆಲ್ಲ ಕೇಳುವ ಹಾಗೆ ಒಪ್ಪಿಕೊಳ್ಳುವವರು ಕಡಿಮೆ. ತೊಕುಜಿ ಒಪ್ಪಿಕೊಂಡರು. ಅದಕ್ಕೇ ಅವರ ವಿಷಯ ಹೇಳಬೇಕು.

ಜಪಾನಿನ ಶಿಕೊಕು ದ್ವೀಪದ ಬೆಟ್ಟದ ಊರು. ತೊಕುಜಿ ಮೂವತ್ತೆಂಟು ವರ್ಷ ರೈಲು ಓಡಿಸಿದವರು. ಈಗ ಮನೆಯ ಪಕ್ಕದ ಶೆಡ್ಡಿನಲ್ಲಿ ಊರವರ ಬೈಕುಗಳ ಮುಂದಿನ ಫೋರ್ಕ್ ಬಿಚ್ಚಿ, ಹಳೆ ಎಣ್ಣೆ ಚೆಲ್ಲಿ, ಹೊಸ ಸೀಲ್ ಹಾಕಿ ಕೂರಿಸುತ್ತಾರೆ. ಸಿಗ್ನಲ್ ಕಂಡಾಗಲೆಲ್ಲ ಬೆರಳು ತೋರಿಸಿ ಕೂಗಿ ಹೇಳುವ ರೈಲಿನ ಅಭ್ಯಾಸ ಹೋಗಿಲ್ಲ. ಬಿಗಿ ಮಾಡಬೇಕಾದ ಬೋಲ್ಟು ಒಂಬತ್ತು. ಒಂದೊಂದನ್ನೂ ಬಿಗಿ ಮಾಡಿ, ಬೆರಳು ತೋರಿಸಿ, “ಸರಿ!” ಎಂದು ಗಟ್ಟಿಯಾಗಿ ಕೂಗುತ್ತಾರೆ. ಒಂಬತ್ತನೆಯದು ಕೇಳಿದ ಮೇಲೆ ಹೆಂಡತಿ ಸುಮಿಯೆ ಒಳಗೆ ಚಹಾಕ್ಕೆ ನೀರಿಡುತ್ತಾರೆ.

ಆ ದಿನದ ಬೈಕು ಚಿಹಾರುವಿನದು. ಬೆಟ್ಟದ ಮುದುಕರ ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುವ ನರ್ಸ್. ಬೈಕು ಒಯ್ಯಲು ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲೇ ಬಂದಳು. ಮನೆಗೆ ಬಂದವರ ಮುಂದೆ ಕೂತೇ ಇರುವುದು ಹೇಗೆ? ತೊಕುಜಿ ಸ್ಪ್ಯಾನರ್ ಹಿಡಿದೇ ಎದ್ದು ಬಗ್ಗಿ ವಂದಿಸಿದರು. ಅವಳೂ ಬಗ್ಗಿದಳು. ಇವರು ಮತ್ತೆ ಬಗ್ಗಿದರು. ಆಮೇಲೆ ಕೂತು ಕೆಲಸ ಮುಗಿಸಿದರು.

ಅವಳು ಹೊರಟ ಮೇಲೆ ಸುಮಿಯೆ ಕೈ ಒರೆಸುತ್ತ ಬಂದರು.

“ರೀ, ಇವತ್ತು ಎಂಟೇ ಸಲ ಕೂಗಿದ್ರಿ.”

“ನಿನ್ ಕಿವಿ ತೊಳ್ಕೊ. ಒಂಬತ್ತು.”

“ನೀರಿಡೋಕೆ ಕಾಯ್ತಾ ನಿಂತಿದ್ದೆ ಕಣ್ರೀ. ಒಂಬತ್ತು ಬರ್ಲೇ ಇಲ್ಲ.”

ತೊಕುಜಿ ಒಂದೊಂದೇ ಬೋಲ್ಟು ನೆನೆದರು. ಮುಂದಿನ ಬ್ರೇಕನ್ನು ಹಿಡಿದಿಡುವ ಬೋಲ್ಟಿನ ಹತ್ತಿರ ಬಂದಾಗ ಬಗ್ಗಿದಾಗ ಕಂಡ ಚಿಹಾರುವಿನ ಬೂಟು ಮಾತ್ರ ನೆನಪಿಗೆ ಬಂತು.

ಫೋನ್ ಮಾಡಿದರು. ಅವಳು ಎತ್ತಲಿಲ್ಲ. ಘಟ್ಟದ ತುದಿಯಲ್ಲಿ ಕಿನು ಅಜ್ಜಿಯ ತೋಫು ಅಂಗಡಿ. ಅಲ್ಲಿಂದಾಚೆ ಹನ್ನೊಂದು ಕಿಲೋಮೀಟರ್ ಬರೀ ಇಳಿಜಾರು. ಅಂಗಡಿಗೆ ಫೋನ್ ಮಾಡಿದರು.

“ಕಿನು-ಸಾನ್, ಕೆಂಪು ಬೈಕು ಬರುತ್ತೆ. ನಿಲ್ಸಿ!”

“ಯಾಕಪ್ಪ, ಕದ್ದಿದ್ದಾ?”

“ನನ್ ತಪ್ಪು! ಬ್ರೇಕಿನ ಬೋಲ್ಟು ಬಿಗಿ ಮಾಡಿಲ್ಲ. ಅಂಗಡೀಲಿ ಇರೋರಿಗೆಲ್ಲಾ ಹೇಳಿ, ರಸ್ತೆಗಿಳೀರಿ!”

ಫೋನು ಬಿದ್ದ ಸದ್ದು. ಆಮೇಲೆ ಏನೂ ಕೇಳಲಿಲ್ಲ.

ತೊಕುಜಿ ಸಣ್ಣ ಟ್ರಕ್ಕು ಹತ್ತಿ ಹೊರಟರು. ಪ್ರತಿ ತಿರುವಿನಲ್ಲೂ ಕೆಳಗೆ ಬಗ್ಗಿ ನೋಡಿದರು, ಕೆಂಪು ಏನಾದರೂ ಕಾಣುತ್ತದೋ ಎಂದು. ತುದಿಗೆ ಬಂದಾಗ ರಸ್ತೆಯ ನಡುವೆ ಕಿನು ಅಜ್ಜಿ ಬಕೆಟ್ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಹೆಲ್ಮೆಟ್ ತೆಗೆದ ಚಿಹಾರು.

ಬೋಲ್ಟು ಬರಿ ಬೆರಳಿಗೇ ತಿರುಗಿತು. ಅರ್ಧ ಈಚೆ ಬಂದಿತ್ತು. ಚಿಹಾರುವಿನ ಮುಖ ಬಿಳುಚಿತು. ತೊಕುಜಿ ರಸ್ತೆಯಲ್ಲೇ ಮಂಡಿಯೂರಿ ಹಣೆ ನೆಲಕ್ಕಿಟ್ಟರು.

“ತೊಕುಜಿ-ಸಾನ್, ಏಳಿ. ಮೊದ್ಲು ಬಿಗಿ ಮಾಡಿ, ಆಮೇಲೆ ಬಗ್ಗಿ.”

“ಬಗ್ಗಿ ಬಗ್ಗಿನೇ ಕೆಟ್ಟಿದ್ದು ಇವ್ನು” ಎಂದರು ಅಜ್ಜಿ.

ಒಂಬತ್ತನ್ನೂ ಮೊದಲಿನಿಂದ ನೋಡಿದರು. ತೋಫು ಕೊಳ್ಳಲು ಬಂದವರೆಲ್ಲ ನಿಂತು ಎಣಿಸಿದರು.

ಈಗ ಯಾರು ಬಂದರೂ ಸುಮಿಯೆಯೇ ಬಾಗಿಲಿಗೆ ಬಂದು ಬಗ್ಗುತ್ತಾರೆ. ಆ ಕಡೆ ಹೋದರೆ ತೊಕುಜಿಯನ್ನು ಕಂಡು ಬನ್ನಿ. ಒಂಬತ್ತನೆಯ “ಸರಿ” ಕೇಳುವ ತನಕ ಮಾತಾಡಿಸಬೇಡಿ. ಅವರು ತಲೆ ಎತ್ತಲಿಲ್ಲವೆಂದು ಬೇಜಾರೂ ಮಾಡಿಕೊಳ್ಳಬೇಡಿ.