ವಿಮಾನ ಬೇಡ, ರೈಲು ಹತ್ತಿ ಎಂದ ದಿನ

2023ರಲ್ಲಿ ನಾನು ಅರಸೀಕೆರೆಯಿಂದ ಹುಬ್ಬಳ್ಳಿ ಕಡೆಗಿರುವ ಒಂದು ಸಣ್ಣ ನಿಲ್ದಾಣದಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹತ್ತಿರದ ಊರುಗಳ ನಡುವೆ ಹಾರುವ ವಿಮಾನಗಳಿಗೆ ಹೆಚ್ಚು ತೆರಿಗೆ ಹಾಕಬೇಕು, ಆಗ ಜನ ರೈಲಿಗೆ ಬರುತ್ತಾರೆ ಎಂಬುದು ನನ್ನ ಗಟ್ಟಿ ನಂಬಿಕೆ. ಬೇಲೂರಿನ ಒಂದು ಸಭೆಯಲ್ಲಿ ಅದನ್ನೇ ಹೇಳಿದ್ದೆ. ಅಲ್ಲಿ ಪರಿಚಯವಾದವರು ಅದೇ ಊರಿನ ಹೈಸ್ಕೂಲ್ ಮೇಷ್ಟ್ರು ಮಹೇಶ್. ಅವರ ಹೆಂಡತಿ ಸುಜಾತಾಗೆ ಎರಡೂ ಮೂತ್ರಪಿಂಡ ಕೆಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿತ್ತು.

ಒಂದು ಬೆಳಿಗ್ಗೆ ಏಳಕ್ಕೆ ಮಹೇಶ್ ಫೋನ್ ಮಾಡಿದರು. ಸುಜಾತಾಗೆ ಹೊಂದುವ ಮೂತ್ರಪಿಂಡ ಸಿಕ್ಕಿದೆ, ಮಧ್ಯಾಹ್ನ ಮೂರರೊಳಗೆ ಬನ್ನಿ ಎಂದು ಹುಬ್ಬಳ್ಳಿಯ ಆಸ್ಪತ್ರೆಯಿಂದ ಕರೆ ಬಂದಿತ್ತಂತೆ. ತಡವಾದರೆ ಅದು ಪಟ್ಟಿಯಲ್ಲಿರುವ ಮುಂದಿನ ರೋಗಿಗೆ ಹೋಗುತ್ತಿತ್ತು. ಐದಾರು ಗಂಟೆ ಕಾರಿನಲ್ಲಿ ಕೂರುವ ಶಕ್ತಿ ಆಕೆಗಿರಲಿಲ್ಲ. ಬೆಂಗಳೂರಿಗೆ ಹೋಗಿ ವಿಮಾನ ಹಿಡಿಯಿರಿ ಎಂದು ಮಹೇಶರ ಭಾವಮೈದುನ ಹಟ ಹಿಡಿದಿದ್ದ.

“ವಿಮಾನ ಬೇಡ ಮೇಷ್ಟ್ರೇ,” ಎಂದೆ. “ಅರಸೀಕೆರೆಗೆ ಬಂದು ಒಂಬತ್ತೂಕಾಲಿನ ರೈಲು ಹತ್ತಿ. ಮಲಗಿಕೊಂಡೇ ಹೋಗಬಹುದು, ಎರಡಕ್ಕೆ ಹುಬ್ಬಳ್ಳಿ.”

ಅವರು ಮರುಮಾತಾಡದೆ ಒಪ್ಪಿದರು.

ಆ ರೈಲು ನನ್ನ ನಿಲ್ದಾಣಕ್ಕೆ ಬರಲು ಹತ್ತು ನಿಮಿಷವಿದ್ದಾಗ ಪಾಯಿಂಟ್ ಕೈಕೊಟ್ಟಿತು. ಪಾಯಿಂಟ್ ಎಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ. ಅದನ್ನು ಸರಿಸುವ ಮೋಟಾರು ಸುಟ್ಟಿತ್ತು. ಸಿಗ್ನಲ್ ಕೆಂಪಾಗಿಯೇ ಉಳಿಯಿತು. ರೈಲು ಹೊರಗೇ ನಿಂತಿತು.

ರೈಲುಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲ್ ಕಚೇರಿಗೆ ತಿಳಿಸಿ, ಪಾಯಿಂಟ್ಸ್‌ಮನ್ ರಂಗಪ್ಪನ ಜೊತೆ ಹಳಿಯ ಮೇಲೆ ಓಡಿದೆ. ಕಣಕಟ್ಟೆ ಕಡೆಯ ರಂಗಪ್ಪ ಇಪ್ಪತ್ತು ವರ್ಷದ ಅನುಭವಸ್ಥ. ಕೈಯಿಂದ ಹಿಡಿಕೆ ತಿರುಗಿಸಿ ಹಳಿ ಕೂರಿಸಿದ. ಅದು ಅಲುಗದಂತೆ ಕ್ಲಾಂಪ್ ಬಿಗಿದು ಬೀಗ ಹಾಕಿದ ಮೇಲೆಯೇ ಡ್ರೈವರಿಗೆ ಲಿಖಿತ ಅನುಮತಿ ಕೊಡಬೇಕು. ಕ್ಲಾಂಪಿನ ತಿರುಪು ತುಕ್ಕು ಹಿಡಿದು ತಿರುಗಲೇ ಇಲ್ಲ. ಇನ್ನೊಂದು ಕ್ಲಾಂಪ್ ನಿಲ್ದಾಣದ ಆಚೆ ತುದಿಯಲ್ಲಿತ್ತು.

ಅಷ್ಟರಲ್ಲಿ ರೈಲಿನಿಂದ ಮಹೇಶ್ ಫೋನ್. “ಸಾರ್, ಎಷ್ಟೊತ್ತಾಗತ್ತೆ? ಇದ್ದದ್ದು ಹೇಳಿಬಿಡಿ. ಇವಳು ಕೇಳ್ತಾ ಇದಾಳೆ.”

ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಇಪ್ಪತ್ತು ನಿಮಿಷ ಎಂದೆ.

ನನ್ನ ಮುಖ ನೋಡಿ ರಂಗಪ್ಪ ತಗ್ಗಿದ ದನಿಯಲ್ಲಿ ಹೇಳಿದ: “ಸಾರ್, ಹಳಿ ಸರಿಯಾಗೇ ಕೂತೈತೆ. ಕ್ಲಾಂಪ್ ಇಲ್ದೇನೆ ಬುಟ್ಬುಡಿ. ನಾನು ಇಲ್ಲೇ ನಿಂತ್ಕಂಡು ನೋಡ್ಕತೀನಿ.”

ಅನುಮತಿ ಪುಸ್ತಕ ಕೈಯಲ್ಲೇ ಇತ್ತು. ಪೆನ್ನೂ ತೆಗೆದಿದ್ದೆ. ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಭಾರ ಬಿದ್ದಾಗ ಹಳಿ ಬೆರಳಗಲ ಸರಿದರೂ ಬೋಗಿಗಳು ಉರುಳುತ್ತವೆ. ಆ ರೈಲಿನಲ್ಲಿ ಸುಜಾತಾ ಅಲ್ಲದೆ ಸಾವಿರ ಜನರಿದ್ದರು.

“ಬೇಡ ರಂಗಪ್ಪ. ಆ ಕ್ಲಾಂಪ್ ತಗೊಂಡು ಬಾ.”

ಅವನು ಓಡಿದ. ಮಹೇಶ್ ಮತ್ತೆರಡು ಸಲ ಕರೆ ಮಾಡಿದರು, ನಾನು ಎತ್ತಲಿಲ್ಲ. ಆ ಹೇಡಿತನ ಈಗಲೂ ಚುಚ್ಚುತ್ತದೆ. ಕ್ಲಾಂಪ್ ಬಿಗಿದು, ಬೀಗ ಎಳೆದು ನೋಡಿ, ಅನುಮತಿ ಬರೆದು ಡ್ರೈವರಿಗೆ ಕೊಟ್ಟೆ. ಒಟ್ಟು ನಲವತ್ತೆರಡು ನಿಮಿಷ ತಡ. ರೈಲು ನನ್ನ ಮುಂದೆ ನಿಧಾನವಾಗಿ ಹಾದುಹೋಯಿತು. ಕಿಟಕಿಯಲ್ಲಿ ಮಹೇಶ್ ಕಂಡರು. ಅವರು ಕೈ ಎತ್ತಲಿಲ್ಲ.

ಮೂರು ದಾಟಿತು. ಮೂರೂವರೆಗೆ ಮಹೇಶರ ಫೋನ್ ಬಂತು. “ಒಳಗೆ ಕರಕೊಂಡ್ರು ಸಾರ್,” ಎಂದಷ್ಟೇ ಹೇಳಿ ಅತ್ತುಬಿಟ್ಟರು. ಆಸ್ಪತ್ರೆಯ ಬಾಗಿಲು ಮುಟ್ಟಿದಾಗ ಮೂರಕ್ಕೆ ಐದೇ ನಿಮಿಷವಿತ್ತಂತೆ. ಸುಜಾತಾ ಈಗ ಹಳೇಬೀಡಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತಾರೆ.

ವಿಮಾನಕ್ಕೆ ತೆರಿಗೆ ಬೇಕೇ ಎಂದು ಯಾರಾದರೂ ಕೇಳಿದರೆ ಇಂದೂ ಬೇಕೆನ್ನುತ್ತೇನೆ. ಆದರೆ ಅದರಲ್ಲಿ ಮೊದಲ ಪಾಲು ಸಣ್ಣ ನಿಲ್ದಾಣಗಳ ಮೋಟಾರು, ಕ್ಲಾಂಪ್, ರಂಗಪ್ಪನಂಥ ಇನ್ನೊಬ್ಬ ಕೆಲಸಗಾರನಿಗೆ ಹೋಗಲಿ ಎಂದೂ ಸೇರಿಸುತ್ತೇನೆ. ನಮ್ಮ ದಾರಿಗೆ ಬನ್ನಿ ಎಂದು ಒಬ್ಬರನ್ನು ಕರೆದ ಮೇಲೆ ಅವರನ್ನು ಹೊತ್ತಿಗೆ ಸರಿಯಾಗಿ, ಜೀವಂತವಾಗಿ ಮುಟ್ಟಿಸುವ ಹೊಣೆ ನಮ್ಮದು. ಮೂವತ್ತೈದು ವರ್ಷದ ನೌಕರಿ ಕಲಿಸದ್ದನ್ನು ಆ ನಲವತ್ತೆರಡು ನಿಮಿಷ ಕಲಿಸಿತು.