ಸುಗಂಧರಾಜದ ಹಾರವೂ ಬೆಂಗಳೂರಿನ ಸಂಗೀತೋತ್ಸವವೂ

ಸುಗಂಧರಾಜದ ಹಾರ ಒಂದು ಅಪಾಯಕಾರಿ ವಸ್ತು ಎಂದು ಕಳೆದ ಶನಿವಾರದವರೆಗೆ ನನಗೆ ತಿಳಿದಿರಲಿಲ್ಲ.

ತಿಳಿಸಿಕೊಟ್ಟವಳು ಬೆಂಗಳೂರಿನ ದೊಡ್ಡದೊಂದು ಸಂಗೀತೋತ್ಸವದ ಗೇಟಿನಲ್ಲಿದ್ದ ಸೆಕ್ಯೂರಿಟಿ ಹುಡುಗಿ. ನಮ್ಮ ಚೀಲಕ್ಕೆ ಕೈ ಹಾಕಿ, ಬಾಳೆಲೆಯ ಪೊಟ್ಟಣವನ್ನು ಎರಡೇ ಬೆರಳಲ್ಲಿ ಎತ್ತಿ, ಬಿಚ್ಚಿ, ಒಳಗಿದ್ದುದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

"ಸರ್, ಇದು ಒಳಗೆ ಅಲೋ ಇಲ್ಲ."

"ಊವು ಕಣಮ್ಮ ಅದು" ಎಂದರು ನನ್ನ ಜೊತೆಗಿದ್ದ ಮುನಿವೆಂಕಟಪ್ಪ.

"ಔಟ್‌ಸೈಡ್ ಐಟಂ ಸರ್."

ನಿಜವೇ. ಹೂವು ಬೆಳೆಯುವುದು ಔಟ್‌ಸೈಡಿನಲ್ಲೇ. ಈ ವಾದಕ್ಕೆ ಯಾವ ವಕೀಲ ತಾನೆ ಉತ್ತರ ಕೊಟ್ಟಾನು?

ಮುನಿವೆಂಕಟಪ್ಪನವರ ಪರಿಚಯ ಈ ಅಂಕಣದ ಓದುಗರಿಗೆ ಆಗಿಲ್ಲ. ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯವರು. ಎರಡು ಸೀಮೆಹಸು, ಒಂದಷ್ಟು ಟೊಮೆಟೊ. ಹಿಂದೆ ಬಂಗಾರಪೇಟೆಯ ನಮ್ಮ ಮನೆಗೆ ಹಾಲು ತರುತ್ತಿದ್ದರು. ಆಗ ಶುರುವಾದ ಸ್ನೇಹ, ಹಾಲಿನ ಬಗ್ಗೆ ನನ್ನ ಹೆಂಡತಿಗಿದ್ದ ಸಕಲ ಅನುಮಾನಗಳನ್ನೂ ದಾಟಿ ಉಳಿದುಕೊಂಡಿದೆ. ವರ್ಷಕ್ಕೊಮ್ಮೆ ಊರಿನ ಪೌರಾಣಿಕ ನಾಟಕದಲ್ಲಿ ಬಣ್ಣ ಹಚ್ಚುತ್ತಾರೆ. ಗದೆ ಇರುವ ಪಾತ್ರವೇ ಆಗಬೇಕು. (ಗದೆಯಿಲ್ಲದಿದ್ದರೆ ಕೈ ಎಲ್ಲಿಡಬೇಕೋ ತೋಚುವುದಿಲ್ಲವಂತೆ.)

ಇವರ ಮಗಳು ರಂಜಿತಾ ಡ್ರಮ್ಸ್ ಬಾರಿಸುತ್ತಾಳೆ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಒಂದು ಶಾಲೆಯ ಮಕ್ಕಳಿಗೂ ಅದನ್ನೇ ಕಲಿಸುತ್ತಾಳೆ. ಆದರೆ ಊರಿನ ಹಾಲಿನ ಡೇರಿಯಲ್ಲಿ ಯಾರಾದರೂ "ಮಗಳು ಏನ್ಮಾಡ್ತವ್ಳೆ?" ಎಂದರೆ ಅಪ್ಪನ ಉತ್ತರ, "ಇಸ್ಕೂಲಲ್ಲಿ ಮೇಡಮ್ಮು." "ಏನ್ ಪಾಠ?" ಎಂದರೆ ತಕ್ಷಣ ಹಸುವಿನ ಕೆಚ್ಚಲಿನ ವಿಷಯ ತೆಗೆಯುತ್ತಿದ್ದರು. ಹೀಗೆ ಹಲವು ವರ್ಷ ಕೆಚ್ಚಲಿನ ಮರೆಯಲ್ಲೇ ನಡೆದುಹೋಯಿತು.

ಅಂಥವರು ಈ ಸಲ ನಮ್ಮ ಮನೆಗೆ ಬಂದು, ಕಾಫಿ ಲೋಟ ಕೆಳಗಿಟ್ಟು, ಪಂಚಾಯಿತಿಯಲ್ಲಿ ತೀರ್ಪು ಓದುವ ಗಾಂಭೀರ್ಯದಿಂದ ಹೇಳಿದರು: "ಅಣ್ಣೋ, ನಮ್ಮ ರಂಜಿ ಬೆಂಗ್ಳೂರಲ್ಲಿ ದೊಡ್ಡ ಸ್ಟೇಜ್ ಅತ್ತಾವ್ಳೆ. ನಾನು ಓಗಿ ಆರ ಆಕ್ಲೇಬೇಕು. ಫೋಟೊ ಇಡ್ಕೊಂಡ್ ಬಂದು ಡೇರೀಲಿ ತೋರುಸ್ಬೇಕು. ನೀನೂ ಬಾ."

ನಮ್ಮ ಕಡೆಯ ನಾಟಕ ನೋಡದವರಿಗಾಗಿ ಒಂದು ಮಾತು. ವೀರನೊಬ್ಬ ವೈರಿಗೆ ಸವಾಲು ಹಾಕುತ್ತಿರುತ್ತಾನೆ. ತೊಡೆ ತಟ್ಟಿಯೂ ಆಗಿರುತ್ತದೆ. ಅಷ್ಟರಲ್ಲಿ ಅವನ ಭಾವಮೈದುನ ಹಾರ ಹಿಡಿದು ಸ್ಟೇಜ್ ಹತ್ತುತ್ತಾನೆ. ಹಾರ್ಮೋನಿಯಂ ನಿಲ್ಲುತ್ತದೆ. ಯುದ್ಧವೂ ನಿಲ್ಲುತ್ತದೆ. ವೈರಿ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾನೆ. ಹಾರ ಬೀಳುತ್ತದೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ, ಫೋಟೊ ಆಗುತ್ತದೆ, ಭಾವಮೈದುನ ಇಳಿಯುತ್ತಾನೆ. ಯುದ್ಧ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಇದು ಅಡಚಣೆಯಲ್ಲ, ಮರ್ಯಾದೆ. ಹಾರ ಬೀಳದ ಕಲಾವಿದ ಎಷ್ಟೇ ಚೆನ್ನಾಗಿ ಹಾಡಲಿ, ಜನ ಪಿಸುಗುಡುತ್ತಾರೆ: ಪಾಪ, ತನ್ನೋರು ಅಂತ ಯಾರೂ ಇಲ್ಲ.

ರಂಜಿತಾಗೆ ಅಪ್ಪ ಗೊತ್ತು. ಹೈಸ್ಕೂಲಿನ ಆನ್ಯುಯಲ್ ಡೇ ದಿನ ಗ್ರೂಪ್ ಡ್ಯಾನ್ಸಿನ ನಡುವೆ ಅಪ್ಪ ಹಾರ ಹಿಡಿದು ಸ್ಟೇಜ್ ಹತ್ತಿ ಇಡೀ ಗ್ರೂಪನ್ನೇ ನಿಲ್ಲಿಸಿದ್ದು ಅವಳಿಗೆ ಮರೆತಿಲ್ಲ. ಪಾಸ್ ಕೊಡುವಾಗಲೇ ಮಾತು ತೆಗೆದುಕೊಂಡಿದ್ದಳು. "ಅಪ್ಪ, ಬಾ. ಆದ್ರೆ ಕರೀದೆ ಸ್ಟೇಜ್ ಅತ್ಬೇಡ. ಅಲ್ಲಿ ಅದು ನಡಿಯಲ್ಲ."

"ಅತ್ತಲ್ಲ ಅಂದೆ" ಎಂದರು ಮುನಿವೆಂಕಟಪ್ಪ, ರೈಲಿನಲ್ಲಿ.

"ಮತ್ತೆ ಈ ಹಾರ?"

"ಅತ್ಬೇಡ ಅಂದ್ಲು. ಆರ ತರ್ಬೇಡ ಅಂದ್ಲಾ?"

ರೈಲಿನಲ್ಲಿ ನಮಗಾಗಿ ಸೀಟಿನ ಮೇಲೆ ಟವೆಲ್ ಹಾಕಿಕೊಂಡು ಕೆಜಿಎಫ್ ಕಡೆಯಿಂದ ಬಂದಿದ್ದವರು ಸೆಲ್ವಿಯಕ್ಕ. ಅವರ ಮಗ ಅರುಣ್ ರಂಜಿತಾ ಬಾರಿಸುವ ಬ್ಯಾಂಡಿನ ಹಾಡುಗಾರ. ಅಲ್ಲಿನ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ, ಅವರ ಅಡುಗೆಕೋಣೆಯ ಗೋಡೆಯಾಚೆಯೇ ಬ್ಯಾಂಡಿನ ಪ್ರಾಕ್ಟೀಸು. ಗಣಿಯ ಸದ್ದು ನಿಂತುಹೋದ ಊರಿನಲ್ಲಿ ಎಷ್ಟು ಸದ್ದು ಮಾಡಿದರೂ ಯಾರೂ ಬೈಯುವುದಿಲ್ಲ ಎಂದು ಹುಡುಗರು ಭಾವಿಸಿದ್ದರು. ಬೈಯುತ್ತಾರೆ. ಮೂರು ಭಾಷೆಯಲ್ಲಿ ಬೈಯುತ್ತಾರೆ.

ಗೇಟಿಗೆ ಮರಳೋಣ.

ಸೆಲ್ವಿಯಕ್ಕ ಕಟ್ಟಿಕೊಂಡು ತಂದಿದ್ದ ಕೋಡುಬಳೆಯೂ ಔಟ್‌ಸೈಡ್ ಐಟಂ ಎಂದು ತೀರ್ಮಾನವಾಯಿತು. ಬುಟ್ಟಿಗೆ ಎಸೆಯುವುದೆ? ಸೆಲ್ವಿಯಕ್ಕ ಒಪ್ಪಲಿಲ್ಲ. ನಾವು ಮೂವರೂ ಕ್ಯೂ ಬಿಟ್ಟು ಪಕ್ಕಕ್ಕೆ ನಿಂತು ಅಷ್ಟನ್ನೂ ಕರಕರನೆ ಮುಗಿಸಿದೆವು. ಹೊಟ್ಟೆಯೊಳಗೆ ಹೋದದ್ದು ಐಟಂ ಅಲ್ಲವಷ್ಟೆ. ಹಾರವನ್ನು ಮಾತ್ರ ತಿನ್ನುವಂತಿರಲಿಲ್ಲ.

ಸೆಕ್ಯೂರಿಟಿ ಹುಡುಗಿಗೆ ನಮ್ಮನ್ನು ನೋಡಿ ಕನಿಕರ ಬಂದಿರಬೇಕು. ತಲೆಗೆ ಪ್ಲಾಸ್ಟಿಕ್ ಹೂವಿನ ಕಿರೀಟ ಸುತ್ತಿಕೊಂಡು ಒಳಗೆ ಹೋಗುತ್ತಿದ್ದ ಯುವತಿಯರನ್ನು ತೋರಿಸಿ, "ಅವರ ಥರ ವೇರ್ ಮಾಡಿದ್ರೆ ಓಕೆ ಸರ್. ಮೈಮೇಲಿದ್ರೆ ಡ್ರೆಸ್. ಬ್ಯಾಗಲ್ಲಿದ್ರೆ ಐಟಂ" ಎಂದಳು.

ಎಂಥ ಸೂಕ್ಷ್ಮ! ನಾನು ತಲೆದೂಗಿದೆ. ಮುನಿವೆಂಕಟಪ್ಪನವರ ಮುಖ ಮಾತ್ರ ಸೊಪ್ಪಾಯಿತು.

"ನಾ ಆಕ್ಕೊಂಡು ಆಮ್ಯಾಕೆ ಮಗೀಗ್ ಆಕೋದಾ? ಒಬ್ರ ಕತ್ತಿಂದ ತೆಗ್ದಿದ್ದು ಎಂಜಲಲ್ವಾ ಅಣ್ಣ?"

ಧರ್ಮಸಂಕಟ ಎಂದರೆ ಇದು. ಹಾಕಿಕೊಂಡರೆ ಹಾರ ಕೆಡುತ್ತದೆ. ಹಾಕಿಕೊಳ್ಳದಿದ್ದರೆ ಹಾರ ಒಳಗೆ ಹೋಗುವುದಿಲ್ಲ. ಹಿಂದೆ ಕ್ಯೂ ಬೆಳೆಯುತ್ತಿತ್ತು. ಒಳಗೆ ಎಲ್ಲೋ ಢಂ ಢಂ ಶುರುವಾಗಿತ್ತು. ಅದು ರಂಜಿತಾಳ ಬ್ಯಾಂಡೇ ಆಗಿದ್ದರೆ?

ಆಗ ಸೆಲ್ವಿಯಕ್ಕ ಬಾಯಿ ಒರೆಸಿಕೊಂಡು ಮುಂದೆ ಬಂದರು. "ಇನ್ನಾ ಅಣ್ಣ ನೀವು! ನಮ್ಮ ಕಡೆ ಕತೆ ಗೊತ್ತಿಲ್ವಾ? ಪೆರುಮಾಳ್‌ಗೆ ಕಟ್ಟಿದ್ದ ಮಾಲೆನ ಒಂದು ಪೊಣ್ಣು ಮೊದ್ಲು ತಾನು ಹಾಕ್ಕೊಂಡು ನೋಡಿದ್ಲು. ಅಪ್ಪ ಬೈದು ಬೇರೆ ಮಾಲೆ ತಗೊಂಡು ಹೋದ್ರೆ ಸ್ವಾಮಿ ಏನಂದ? 'ಅಂದ ಮಾಲೈ ದಾನ್ ವೇಣುಂ', ಆ ಮಾಲೆನೇ ಬೇಕು ಅಂದ. ಸ್ವಾಮಿಗೇ ಆಗುತ್ತೆ, ನಿಮ್ಮ ರಂಜಿಗೆ ಆಗಲ್ವಾ? ಹಾಕ್ಕೊಳ್ಳಿ ಸುಮ್ನೆ!"

ಮುನಿವೆಂಕಟಪ್ಪ ಆಕಾಶಕ್ಕೊಮ್ಮೆ ಕೈಮುಗಿದು ಹಾರ ಧರಿಸಿದರು. ಸೆಕ್ಯೂರಿಟಿ ಹುಡುಗಿ ಸೆಲ್ಯೂಟ್ ಹೊಡೆದಳು. (ತಮಾಷೆಗೋ ಭಕ್ತಿಗೋ ತಿಳಿಯದು.)

ಒಳಗೆ ಕುರ್ಚಿಗಳಿರಲಿಲ್ಲ. ನಿಂತು ಕೇಳುವ ಸಂಗೀತ ಎಂದರೆ ನನಗೆ ಗೊತ್ತಿದ್ದದ್ದು ರಾಷ್ಟ್ರಗೀತೆ ಒಂದೇ. ಇಲ್ಲಿ ಜನ ಮಧ್ಯಾಹ್ನದಿಂದ ಸಂಜೆಯವರೆಗೆ ನಿಲ್ಲುತ್ತಾರಂತೆ, ಅದಕ್ಕೆ ಟಿಕೆಟ್ಟೂ ಕೊಳ್ಳುತ್ತಾರಂತೆ. ಒಂದು ಅಂಗಡಿಯಲ್ಲಿ ನಮ್ಮ ರಾಗಿ ಬಟ್ಟಲಲ್ಲಿ ಕುಳಿತು ಯಾವುದೋ ಹೊಸ ಹೆಸರು ಇಟ್ಟುಕೊಂಡಿತ್ತು. ನಾನು ಗುರುತು ಹಿಡಿದೆ, ಅದು ಹಿಡಿಯಲಿಲ್ಲ. ಮೈದಾನದ ಆ ಮೂಲೆಗೊಂದು ಸ್ಟೇಜ್, ಈ ಮೂಲೆಗೊಂದು ಸ್ಟೇಜ್. ನಡುವೆ ನಿಂತವನ ಎಡಗಿವಿಗೆ ಒಂದು ತಾಳ, ಬಲಗಿವಿಗೆ ಇನ್ನೊಂದು. ಆದರೂ ಸುಳ್ಳು ಹೇಳಬಾರದು, ನನಗೆ ಇಷ್ಟವಾಯಿತು. ಯಾರೂ ಯಾರನ್ನೂ ತಳ್ಳುತ್ತಿರಲಿಲ್ಲ. ಎಲ್ಲರೂ ನಗುತ್ತಿದ್ದರು. ನನ್ನ ವಯಸ್ಸಿನವನೊಬ್ಬ ಹುಲ್ಲಿನ ಮೇಲೆ ಅಂಗಾತ ಮಲಗಿ ಕಾಲ್ಬೆರಳಲ್ಲೇ ತಾಳ ಹಾಕುತ್ತಿದ್ದ. ಅಸೂಯೆಯಾಯಿತು.

ಹುಡುಗರು ಓಡಿ ಬಂದು ಮುನಿವೆಂಕಟಪ್ಪನವರ ಜೊತೆ ಸೆಲ್ಫಿ ತೆಗೆಸಿಕೊಂಡರು. "ಅಂಕಲ್, ಸಖತ್ ವೈಬ್!"

"ವೈಬ್ ಅಂದ್ರೇನಣ್ಣ?"

"ಕಳೆ. ಮುಖದಲ್ಲಿ ಕಳೆ ಇದೆ ಅಂತ."

"ಅಂಗಾ?" ಎಂದು ಮೀಸೆಯನ್ನೊಮ್ಮೆ ಸವರಿಕೊಂಡರು.

ರಂಜಿತಾಳ ಬ್ಯಾಂಡಿನದು ಎಲ್ಲಕ್ಕಿಂತ ಚಿಕ್ಕ ಸ್ಟೇಜು, ಎಲ್ಲಕ್ಕಿಂತ ಸುಡುವ ಹೊತ್ತು. ಪುಣ್ಯಕ್ಕೆ ಇನ್ನೂ ಶುರುವಾಗಿರಲಿಲ್ಲ. ಮುಂದೆ ಜನ ಅಲ್ಲಲ್ಲಿ ಚೆದುರಿದ ರಾಗಿ ಪೈರಿನಂತೆ. ಅರುಣ್ ಹಾಡಲು ತೊಡಗಿದ. ಕನ್ನಡದಲ್ಲಿ ಶುರುವಾದ ಸಾಲು ತಮಿಳಿನಲ್ಲಿ ತಿರುಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. (ಅದರಲ್ಲಿ ವಿಶೇಷವೇನು? ನಮ್ಮಲ್ಲಿ ತರಕಾರಿ ಕೊಳ್ಳುವುದೂ ಹಾಗೆಯೇ.) ಅವನ ಹಿಂದೆ, ಅಷ್ಟೆಲ್ಲ ಡ್ರಮ್ಮುಗಳ ನಡುವೆ, ನಮ್ಮ ರಂಜಿತಾ.

ಬಾರಿಸಿದಳು ನೋಡಿ! ಎದೆಗೂಡಿನೊಳಗೆ ಯಾರೋ ರಾಗಿ ಕುಟ್ಟಿದಂತೆ. ಹುಲ್ಲಿನ ಮೇಲೆ ಬಿದ್ದಿದ್ದವರು ಎದ್ದು ಕುಳಿತರು. ಕುಳಿತವರು ಹತ್ತಿರ ಬಂದರು. ಸೆಲ್ವಿಯಕ್ಕ ಎರಡು ಬೆರಳು ಬಾಯಿಗಿಟ್ಟು ಹಾಕಿದ ಸಿಳ್ಳು ಕೆಜಿಎಫ್‌ನ ಮೈಸೂರು ಮೈನ್ಸ್‌ವರೆಗೂ ಕೇಳಿಸಿರಬೇಕು.

ಪಕ್ಕಕ್ಕೆ ತಿರುಗಿದರೆ ಮುನಿವೆಂಕಟಪ್ಪ ಇಲ್ಲ.

ಸ್ಟೇಜಿನ ಮುಂದಿನ ಕಬ್ಬಿಣದ ಬೇಲಿಗೆ ಅಂಟಿಕೊಂಡು ನಿಂತಿದ್ದರು. ಕಪ್ಪು ಅಂಗಿಯ ಬೌನ್ಸರ್ ಒಬ್ಬ ಆಗಲೇ ಅವರತ್ತ ಬರುತ್ತಿದ್ದ. ನಾನೂ ಓಡಿದೆ.

"ಅತ್ತಲ್ಲಪ್ಪಾ" ಎನ್ನುತ್ತಿದ್ದರು ಅವನಿಗೆ. "ಮಾತು ಕೊಟ್ಟಿವ್ನಿ. ಇಲ್ಲೇ ನಿಂತ್ಕೋತೀನಿ. ಅವ್ಳು ನಮ್ಮುಡುಗಿ."

ಬೌನ್ಸರ್ ಹಾರವನ್ನು ನೋಡಿದ. ಸ್ಟೇಜನ್ನು ನೋಡಿದ. ಅವರ ಪಕ್ಕದಲ್ಲೇ ಕೈಕಟ್ಟಿ ನಿಂತ.

ಜೀವಮಾನವಿಡೀ ಕರೆಯದೆ ಸ್ಟೇಜ್ ಹತ್ತಿದ ಮನುಷ್ಯ ಮೊದಲ ಸಲ ಹತ್ತದೆ ನಿಂತಿದ್ದರು. ಕೈ ಎಲ್ಲಿಡಬೇಕೋ ತೋಚುತ್ತಿರಲಿಲ್ಲ. ಬೇಲಿ ಹಿಡಿದರು, ಬಿಟ್ಟರು, ಬೆನ್ನ ಹಿಂದೆ ಕಟ್ಟಿದರು. ಒಂದೊಂದು ಹಾಡು ಮುಗಿದಾಗಲೂ ಕೈ ಹಾರಕ್ಕೆ ಹೋಗಿ ವಾಪಸು ಬರುತ್ತಿತ್ತು. ಹಾರವೂ ಬಿಸಿಲಿಗೆ ಸೋಲತೊಡಗಿತ್ತು.

"ಇದು ಕೊನೇ ಹಾಡು" ಎಂದ ಅರುಣ್. ಮುನಿವೆಂಕಟಪ್ಪ ನನ್ನ ಕಡೆ ನೋಡಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ.

ಬ್ಯಾಂಡಿನವರ ಹೆಸರು ಹೇಳುವ ಶಾಸ್ತ್ರ ಶುರುವಾಯಿತು. ಗಿಟಾರಿನವನ ಹೆಸರು ಹೇಳಿದರೆ ಅವನೊಂದು ತುಣುಕು ನುಡಿಸಿದ. "ಆನ್ ಡ್ರಮ್ಸ್, ರಂಜಿತಾ!" ಎಂದಾಗ ಸದ್ದೇ ಇಲ್ಲ. ಅವಳು ಕೋಲು ಕೆಳಗಿಟ್ಟಿದ್ದಳು. ಎದ್ದು ಬಂದಳು. ಅರುಣನ ಕೈಯಿಂದ ಮೈಕ್ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, ನಮ್ಮೂರ ನಾಟಕದ ಮೈಕಿನ ಅದೇ ರಾಗದಲ್ಲಿ ಶುರು ಮಾಡಿದಳು:

"ಕಲಾಭಿಮಾನಿಗಳೇ, ದಯಮಾಡಿ ಶಾಂತರೀತಿಯಿಂದ ಕುಳಿತುಕೊಳ್ಳಿ. ಈ ದಿನ ಡ್ರಮ್ಸ್ ವಾದ್ಯವನ್ನು ನುಡಿಸುತ್ತಿರುವ ಕುಮಾರಿ ರಂಜಿತಾ ಇವರ ಕಲೆಯನ್ನು ಮೆಚ್ಚಿ, ಅವರ ತಂದೆಯವರೂ ಗದಾಪಾತ್ರಧಾರಿಗಳೂ ಆದ ಶ್ರೀ ಮುನಿವೆಂಕಟಪ್ಪನವರು ಪುಷ್ಪಹಾರವನ್ನು ಅರ್ಪಿಸುತ್ತಾರೆ. ದಾನಿಗಳು ವೇದಿಕೆಗೆ ಬರಬೇಕಾಗಿ ವಿನಂತಿ."

ಜನ ಹೋ ಎಂದರು. ಇದೂ ಪ್ರೋಗ್ರಾಮಿನದೇ ಭಾಗ ಎಂದುಕೊಂಡರೋ ಏನೋ. ಭಾಗವೇ ತಾನೆ?

"ನನ್ನೇ ಕರೀತವ್ಳಾ ಅಣ್ಣ?"

"ನಿಮ್ಮನ್ನೇ."

"ಅತ್ಲಾ?"

ಬೌನ್ಸರ್ ಬೇಲಿ ಸರಿಸಿದ. ಮುನಿವೆಂಕಟಪ್ಪ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ಕತ್ತಿನಿಂದ ತೆಗೆದ ಹಾರವನ್ನು ಮಗಳ ಕತ್ತಿಗೆ ಹಾಕಿ, ನಾಲ್ಕು ದಿಕ್ಕಿಗೂ ಕೈಮುಗಿದು, ಫೋಟೊಕ್ಕೆ ಎಷ್ಟು ಬೇಕೋ ಅಷ್ಟು ಹೊತ್ತು ಅಲುಗಾಡದೆ ನಿಂತು, ಇಳಿದರು. ಅಷ್ಟೂ ಹೊತ್ತು ಬೌನ್ಸರ್ ಚಪ್ಪಲಿ ಕಾಯುತ್ತಿದ್ದ.

ರಂಜಿತಾ ಹಾರ ತೆಗೆದು ತಾಳದ ದೊಡ್ಡ ತಟ್ಟೆಯ ಕಂಬಕ್ಕೆ ಸುತ್ತಿ ಕೊನೆಯ ಹಾಡು ಬಾರಿಸಿದಳು. ಒಂದೊಂದು ಏಟಿಗೂ ಸುಗಂಧರಾಜದ ಎಸಳು ಹಾರುತ್ತಿತ್ತು.

ಈಗ ಆ ಫೋಟೊ ನೋಡದವರು ಎಂದರೆ ಡೇರಿಯಲ್ಲಿ ಹಸುಗಳು ಮಾತ್ರ. ಮೊನ್ನೆ ಯಾರೋ ಕೆಚ್ಚಲಿನ ಬಗ್ಗೆ ಕೇಳಿದರೆ ಮುನಿವೆಂಕಟಪ್ಪ ಡ್ರಮ್ಮಿನ ವಿಷಯ ತೆಗೆದರಂತೆ.

ಹೊರಡುವ ಮುನ್ನ, ಸಂಜೆ, ದೊಡ್ಡ ಸ್ಟೇಜಿನ ಮುಂದೆ ಸ್ವಲ್ಪ ನಿಂತೆವು. ಯಾರೋ ಭಾರೀ ಹೆಸರಿನ ಗಾಯಕ. ಕಣ್ಣು ಹಾಯುವಷ್ಟು ದೂರ ತಲೆಗಳು. ಎಲ್ಲರ ಬಾಯಲ್ಲೂ ಅವನದೇ ಹೆಸರು. ಹಾಡು ಮುಗಿಯಿತು, ಇನ್ನೊಂದು ಮುಗಿಯಿತು, ಮತ್ತೊಂದು ಮುಗಿಯಿತು. ಮುನಿವೆಂಕಟಪ್ಪ ಸ್ಟೇಜಿನ ಮೆಟ್ಟಿಲನ್ನೇ ನೋಡುತ್ತಿದ್ದರು.

ಕೊನೆಗೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು: "ಪಾಪ, ಇಷ್ಟು ಜನ ಸೇರವ್ರೆ, ಅವನ ಕಡೆಯೋರು ಅಂತ ಒಬ್ರೂ ಬಂದಿಲ್ವೇನಣ್ಣ?"